ಅಪ್‌ಡೇಟ್: ಒಣಗಿದ್ದ ಡ್ರೊಸೆರಾ ಮತ್ತೆ ಚಿಗುರಿದೆ

ಆಸ್ಟ್ರೇಲಿಯಾದ ಪರ್ತ್‌ನ ನಮ್ಮ ಮನೆಯ ಗೆಡ್ಡೆ ಡ್ರೊಸೆರಾ (ಎಲೆ ಮೇಲಿನ ಅಂಟು ಹನಿಯಿಂದ ಹುಳ ಹಿಡಿಯೋ ಗಿಡ, ನೆಲದಡಿ ಗೆಡ್ಡೆ ಇರುತ್ತೆ) ನವೆಂಬರ್‌ನಲ್ಲಿ, ಅಂದರೆ ಇಲ್ಲಿ ಬೇಸಿಗೆ ಶುರುವಾಗೋ ಹೊತ್ತಿಗೆ, ಪೂರ್ತಿ ಕಂದಾಗಿ ಒಣಗಿತ್ತು, ಬಿಸಾಡಲಾ ಅಂತ ನಿಮ್ಮನ್ನೆಲ್ಲ ಕೇಳಿದ್ದೆ. ಸತ್ತಿಲ್ಲ, ಬೇಸಿಗೆಗೆ ನಿದ್ದೆ ಮಾಡುತ್ತೆ, ನೀರು ನಿಲ್ಲಿಸಿ ಅಂದಿರಿ. ನಿಮ್ಮ ಮಾತು ನಿಜ. ಈ ವಾರ ಮಣ್ಣು ಸೀಳಿಕೊಂಡು ಚಿಗುರು ಬಂದಿದೆ!

ಇದು ಎರಿಥ್ರೊರೈಜಾ, ನೆಲಕ್ಕೆ ಅಂಟಿದ ಹಾಗೆ ಎಲೆ ಹರಡುವ ಜಾತಿ, ಇಲ್ಲಿನ ಕಾಡಲ್ಲೇ ಬೆಳೆಯುತ್ತೆ. ಇಲ್ಲಿ ಮಳೆ ಬರೋದು ಚಳಿಗಾಲದಲ್ಲಿ, ಹಾಗಾಗಿ ಗಿಡ ಏಳೋದೂ ಆಗಲೇ. ಬೇಸಿಗೆಯಿಡೀ ಕುಂಡವನ್ನು ನೆರಳಲ್ಲಿ ಒಣಗಲು ಬಿಟ್ಟಿದ್ದೆ. ಸುಮ್ನೆ ಕೆದಕಿ ನೋಡೋಣ ಅಂತ ಕೈ ತುರಿಸುತ್ತಿತ್ತು, ಆದರೆ ಮುಟ್ಟಲಿಲ್ಲ. ಹಳೇ ಗೆಡ್ಡೆ ಪ್ರತಿ ವರ್ಷ ಕರಗಿ ಅದರ ಬದಲು ಹೊಸದು ಬೆಳೆಯುತ್ತೆ, ಅದೂ ಆಳದಲ್ಲಿರುತ್ತೆ, ಅದಕ್ಕೇ ಕುಂಡ ಉದ್ದ ಇರಬೇಕು.

ಈಗ ಚಿಗುರು ಕಂಡ ಮೇಲೆ ಕುಂಡದ ಕೆಳಗೆ ತಟ್ಟೆ ಇಟ್ಟು ಮಳೆನೀರು ಕೊಡುತ್ತಿದ್ದೇನೆ. ನಲ್ಲಿ ನೀರು ಬೇಡವೇ ಬೇಡ, ಅದರಲ್ಲಿರೋ ಲವಣ ಇವಕ್ಕೆ ಆಗಿಬರಲ್ಲ. ಗೊಬ್ಬರವನ್ನೂ ಮಣ್ಣಿಗೆ ಹಾಕಬೇಡಿ. ಪೀಟ್ (ಜೌಗು ನೆಲದಲ್ಲಿ ಅರೆ ಕೊಳೆತ ಪಾಚಿಯ ಮಣ್ಣು) ಮತ್ತು ತೊಳೆದ ಸಿಲಿಕಾ ಮರಳು ಸಾಕು. ಬಿಸಿಲು ಮಾತ್ರ ಚೆನ್ನಾಗಿ ಬೀಳಬೇಕು, ಇಲ್ಲದಿದ್ದರೆ ಅಂಟು ಹನಿ ಸರಿಯಾಗಿ ಬರಲ್ಲ, ಹುಳವೂ ಸಿಗಲ್ಲ.

ಹೂವು ಬಂದೇ ಬರುತ್ತೆ ಅಂತ ಹೇಳಕ್ಕಾಗಲ್ಲ, ಇದು ಕಾಡ್ಗಿಚ್ಚು ಬಿದ್ದ ಮೇಲೆ ಜಾಸ್ತಿ ಹೂ ಬಿಡುವ ಜಾತಿ.

ಊರಲ್ಲಿ ಬೆಳೆಸಬಹುದಾ ಅಂತ ಕೇಳಿದವರಿಗೆ: ಪಶ್ಚಿಮ ಘಟ್ಟದಲ್ಲಿ ಪೆಲ್ಟೇಟಾ ಅನ್ನೋ ಗೆಡ್ಡೆ ಡ್ರೊಸೆರಾ ಇದೆ, ಆದರೆ ಅದು ಏಳೋದು ಮುಂಗಾರಿಗೆ, ನನ್ನ ತಿಂಗಳ ಲೆಕ್ಕ ಅದಕ್ಕೆ ಹೊಂದಲ್ಲ. ಕಾಡಿಂದ ಮಾತ್ರ ಕೀಳಬೇಡಿ.