ಸಹಾಯ ಬೇಕು: 62% ಅದಿರೋ, 60% ಅದಿರೋ?

ಎಲ್ಲರಿಗೂ ನಮಸ್ಕಾರ. ಎರಡು ಕಬ್ಬಿಣದ ಅದಿರಿನ ಲ್ಯಾಬ್ ರಿಪೋರ್ಟ್ ಮುಂದಿಟ್ಟುಕೊಂಡು ಕೂತಿದ್ದೇನೆ. ಬ್ಲಾಸ್ಟ್ ಫರ್ನೇಸ್‌ಗೆ (ಅದಿರು ಕರಗಿಸಿ ಕಬ್ಬಿಣ ತೆಗೆಯುವ ಕುಲುಮೆ) ಯಾವುದು ಒಳ್ಳೆಯದು ಅಂತ ತೀರ್ಮಾನಕ್ಕೆ ಬರಲು ಆಗುತ್ತಿಲ್ಲ.

ಮೊದಲನೆಯದು: ಕಬ್ಬಿಣ 62%, ಅಲ್ಯುಮಿನಾ (ಅಲ್ಯುಮಿನಿಯಂ ಆಕ್ಸೈಡ್, ಒಂದು ಕಲ್ಮಶ) 3.5%, ಎಲ್‌ಒಐ (ಕಾಯಿಸಿದಾಗ ಕಡಿಮೆಯಾಗುವ ತೂಕ) 2%, ರಂಜಕ (ಫಾಸ್ಫರಸ್) 0.04%. ಎರಡನೆಯದು: ಕಬ್ಬಿಣ 60%, ಅಲ್ಯುಮಿನಾ 1.5%, ಎಲ್‌ಒಐ 8%, ರಂಜಕ 0.10%. ಸಿಲಿಕಾ ಹೆಚ್ಚುಕಡಿಮೆ ಒಂದೇ.

ಸುಮ್ನೆ ಕಬ್ಬಿಣದ ಅಂಶ ನೋಡಿದರೆ ಮೊದಲನೆಯದೇ ಮೇಲು. ಆದರೆ ಎಲ್‌ಒಐ ಅಂದರೆ ಬಹುಪಾಲು ಅದಿರಿನೊಳಗೆ ಸೇರಿಕೊಂಡಿರುವ ನೀರು, ಕಾಯಿಸಿದರೆ ಹೋಗಿಬಿಡುತ್ತದೆ ಅಲ್ವಾ? ಅದನ್ನು ಕಳೆದು ಲೆಕ್ಕ ಹಾಕಿದರೆ ಮೊದಲನೆಯದು 63.3%, ಎರಡನೆಯದು 65.2%. ಪೂರ್ತಿ ಉಲ್ಟಾ! ಅಲ್ಯುಮಿನಾ ಜಾಸ್ತಿ ಇದ್ದರೆ ಸ್ಲ್ಯಾಗ್ (ಕಲ್ಮಶಗಳು ಕರಗಿ ಆಗುವ ಕಿಟ್ಟ) ಮಂದವಾಗಿ ಸರಿಯಾಗಿ ಹರಿಯುವುದಿಲ್ಲ, ಕೋಕ್ (ಕಲ್ಲಿದ್ದಲಿನಿಂದ ಮಾಡಿದ ಇಂಧನ) ಕೂಡ ಜಾಸ್ತಿ ಬೇಕು. ಹಾಗಾಗಿ ಎರಡನೆಯದೇ ವಾಸಿ ಅನ್ನಿಸಿತು.

ಸಿಕ್ಕಿಕೊಂಡಿರುವುದು ರಂಜಕದಲ್ಲಿ. ಬ್ಲಾಸ್ಟ್ ಫರ್ನೇಸ್‌ನಲ್ಲಿ ಅದು ಸ್ಲ್ಯಾಗ್‌ಗೆ ಹೋಗದೆ ಹೆಚ್ಚುಕಡಿಮೆ ಪೂರ್ತಿ ಕರಗಿದ ಕಬ್ಬಿಣಕ್ಕೇ ಸೇರುತ್ತದೆ. ಆಮೇಲೆ ಉಕ್ಕು ಮಾಡುವಾಗ ಸುಣ್ಣ ಹಾಕಿ ತೆಗೆಯಬೇಕು. ಜಾಸ್ತಿ ಉಳಿದರೆ ಉಕ್ಕು ಪೆಡಸಾಗುತ್ತದೆ, ಚಳಿಯಲ್ಲಿ ಪಟ್ಟನೆ ಒಡೆಯಬಹುದು. ಬೇರೆ ಅದಿರಿನ ಜೊತೆ ಬೆರೆಸುವ ದಾರಿ ಗೊತ್ತು, ಬೆಲೆ ಕಟ್ಟುವುದೇ ಗೊತ್ತಾಗುತ್ತಿಲ್ಲ.

ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ ಮಾಡಿರುವವರು ದಯವಿಟ್ಟು ಹೇಳಿ: 2% ಹೆಚ್ಚುವರಿ ಅಲ್ಯುಮಿನಾ, 0.06% ಹೆಚ್ಚುವರಿ ರಂಜಕ, ಇವೆರಡರಲ್ಲಿ ಯಾವುದಕ್ಕೆ ಬೆಲೆ ಜಾಸ್ತಿ ಕಡಿತ ಮಾಡುತ್ತೀರಿ? ಅದನ್ನು ಲೆಕ್ಕ ಹಾಕುವುದು ಹೇಗೆ?