ವಿಕ್ಟರಿ ಮಾದರಿ: ಹಗ್ಗ ಬಿಗಿದರೆ ಟಾಪ್ ಅಂಚು ಮೇಲಕ್ಕೆ ಬಾಗುತ್ತಿದೆ

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಬ್ರಿಟಿಷ್ ಹಾಯಿಹಡಗು ಎಚ್‌ಎಂಎಸ್ ವಿಕ್ಟರಿಯ 1:100 ಅಳತೆಯ ಪ್ಲಾಸ್ಟಿಕ್ ಮಾದರಿ ಕಟ್ಟುತ್ತಿದ್ದೇನೆ. ನಡುವಿನ ಮಾಸ್ಟ್‌ಗೆ ಟಾಪ್ ಕೂರಿಸಿ ಆಯಿತು, ಅದೇ, ಕೆಳಗಿನ ಕಂಬಕ್ಕೆ ಮೇಲಿನ ಕಂಬ ಸೇರುವಲ್ಲಿ ಬರುವ ಅಟ್ಟಣೆ. ಮೇಲಿನ ಕಂಬವನ್ನು ಎರಡೂ ಪಕ್ಕದಿಂದ ಹಿಡಿದು ನಿಲ್ಲಿಸುವ ಶ್ರೌಡ್ ಹಗ್ಗಗಳನ್ನು ಟಾಪ್‌ನ ಅಂಚಿಗೆ ಕಟ್ಟಿ ಬಿಗಿದರೆ ಎರಡೂ ಪಕ್ಕ ಮೇಲಕ್ಕೆ ಬಾಗುತ್ತದೆ. ಸಡಿಲ ಬಿಟ್ಟರೆ ಹಗ್ಗ ಜೋತು ಬೀಳುತ್ತದೆ. ಎರಡು ಸಲ ಬಿಚ್ಚಿ ಕಟ್ಟಿದೆ. ಅಂಟು ಜಾಸ್ತಿ ಹಾಕಬೇಕಾ? ಇನ್ನೊಂದು, ಟ್ರಫಾಲ್ಗರ್ ಕದನದ ದಿನದ ಹಡಗು ಇದು. ಟಾಪ್ ಮೇಲೆ ಸಣ್ಣ ತಿರುಗು ಫಿರಂಗಿ ಇಡಬಹುದಾ?

ಉತ್ತರ:
ಅಂಟು ಬೇಡ ಸರ್. ಟಾಪ್ ಕೆಳಗೆ ಫಟಕ್ ಶ್ರೌಡ್, ಅಂದರೆ ಅದರ ಅಂಚಿನಿಂದ ಓರೆಯಾಗಿ ಒಳಕ್ಕೆ ಇಳಿಯುವ ಗಿಡ್ಡ ಹಗ್ಗ, ಕಟ್ಟಿದ್ದೀರಾ?

ಪ್ರಶ್ನೆ ಕೇಳಿದವರು:
ಇಲ್ಲ. ಅದು ಸುಮ್ನೆ ಅಂದಕ್ಕೆ, ಕೊನೆಗೆ ಕಟ್ಟೋಣ ಅಂದುಕೊಂಡಿದ್ದೆ.

ಉತ್ತರ:
ತೊಂದರೆ ಅಲ್ಲೇ ಇದೆ. ಟಾಪ್ ಇರುವುದು ಮುಖ್ಯವಾಗಿ ಮೇಲಿನ ಹಗ್ಗಗಳನ್ನು ಅಗಲಕ್ಕೆ ಹಿಡಿಯಲು, ಬಂದೂಕಿನವರು ನಿಲ್ಲುವುದು ಆಮೇಲಿನ ಮಾತು. ಹಗ್ಗದ ಎಳೆತ ಹಲಗೆಯ ಮೇಲೆ ಬೀಳಲೇಬಾರದು. ಡೆಡ್‌ಐ (ಹಗ್ಗ ಬಿಗಿಯುವ ತೂತುಗಳಿರುವ ಮರದ ಬಿಲ್ಲೆ) ಕೆಳಗಿನ ಕಬ್ಬಿಣದ ಪಟ್ಟಿ ಅಂಚಿನ ಮೂಲಕ ಕೆಳಕ್ಕೆ ಇಳಿಯುತ್ತದೆ, ಅದಕ್ಕೆ ಫಟಕ್ ಶ್ರೌಡ್ ಸಿಕ್ಕಿಸಿ ಓರೆಯಾಗಿ ಒಳಗೆ ತಂದು ಕೆಳಗಿನ ಶ್ರೌಡ್‌ಗಳಿಗೆ ಕಟ್ಟುತ್ತಾರೆ, ಎಳೆತವೆಲ್ಲ ಆ ದಾರಿಯಲ್ಲೇ ಇಳಿದು ಹೋಗುತ್ತದೆ. ಆಗ ಕೆಳಗಿನ ಶ್ರೌಡ್‌ಗಳು ಹೊರಕ್ಕೆ ಉಬ್ಬುತ್ತವೆ, ಅಲ್ವಾ? ಅದಕ್ಕೇ ಎಡಬಲದವನ್ನು ಅಡ್ಡ ಹಗ್ಗ ಹಾಕಿ ಒಳಕ್ಕೆ ಎಳೆದು ಕಟ್ಟಬೇಕು. ಹಾಗಾಗಿ ಮೊದಲು ಕೆಳಗಿನ ಶ್ರೌಡ್, ಆಮೇಲೆ ಅಡ್ಡ ಹಗ್ಗ, ಆಮೇಲೆ ಫಟಕ್, ಕೊನೆಗೆ ಮೇಲಿನದು. ಎಡಕ್ಕೊಂದು ಬಲಕ್ಕೊಂದು ಜೋಡಿಯಾಗಿ ಬಿಗಿಯಿರಿ, ಇಲ್ಲದಿದ್ದರೆ ಕಂಬವೇ ವಾಲುತ್ತದೆ. ಟಾಪ್‌ನ ದುಂಡನೆಯ ಅಂಚು ಮುಂದಕ್ಕೆ, ನೇರ ಅಂಚು ಹಿಂದಕ್ಕೆ ಇದೆಯಾ, ಅದನ್ನೂ ನೋಡಿಕೊಳ್ಳಿ.

ಇನ್ನೊಬ್ಬರ ಉತ್ತರ:
ಫಿರಂಗಿ ಬೇಡ, ದಯವಿಟ್ಟು. ಟಾಪ್‌ನಿಂದ ಗುಂಡು ಹಾರಿಸಿದರೆ ಹಾಯಿಗೆ ಬೆಂಕಿ ಹತ್ತಬಹುದು ಅಂತ ಬ್ರಿಟಿಷ್ ಅಡ್ಮಿರಲ್ ನೆಲ್ಸನ್ ತನ್ನ ಹಡಗಾದ ವಿಕ್ಟರಿಯ ಟಾಪ್‌ಗಳಲ್ಲಿ ಬಂದೂಕಿನವರನ್ನು ನಿಲ್ಲಿಸಲಿಲ್ಲ. ಫ್ರೆಂಚ್ ಹಡಗು ರೆಡೂಟಾಬ್ಲ್‌ನ ಕ್ಯಾಪ್ಟನ್ ಲೂಕಾ ಮಾತ್ರ ತನ್ನವರಿಗೆ ಬಂದೂಕು, ಕೈಬಾಂಬುಗಳ ತರಬೇತಿ ಚೆನ್ನಾಗಿ ಕೊಟ್ಟಿದ್ದ. 1805ರ ಅಕ್ಟೋಬರ್ 21ರಂದು ನೆಲ್ಸನ್‌ಗೆ ತಗುಲಿದ ಗುಂಡು ಬಂದದ್ದು ಆ ಹಡಗಿನ ಹಿಂದಿನ ಮಾಸ್ಟ್‌ನ ಟಾಪ್‌ನಿಂದ. ವಿಕ್ಟರಿಯ ಟಾಪ್ ಖಾಲಿ ಇದ್ದರೆ ಆ ದಿನದ ಕಥೆ ಗೊತ್ತಿದ್ದವರಿಗೆ ಅದೇ ಎದೆಗೆ ತಾಗುತ್ತದೆ. ಟಾಪ್ ತುಂಬ ಜನ ಬೇಕೇ ಬೇಕು ಅಂದರೆ ಮುಂದಿನ ಸಲ 1779ರ ಕದನದ ಅಮೆರಿಕನ್ ಹಡಗು ಬೊನೊಮ್ ರಿಚರ್ಡ್ ಕಟ್ಟಿ. ಅದರ ಮೇಲಿನಿಂದ ಎಸೆದ ಕೈಬಾಂಬು ಎದುರಾಳಿ ಬ್ರಿಟಿಷ್ ಹಡಗು ಸೆರಾಪಿಸ್‌ನ ಒಳಗೆ ಬಿದ್ದು ಮದ್ದು ಸಿಡಿದಿತ್ತು.

ಪ್ರಶ್ನೆ ಕೇಳಿದವರು:
ನಿನ್ನೆ ರಾತ್ರಿ ಎಲ್ಲ ಬಿಚ್ಚಿ ನೀವು ಹೇಳಿದ ಕ್ರಮದಲ್ಲೇ ಕಟ್ಟಿದೆ. ಅಂಚು ಒಂಚೂರೂ ಅಲುಗಲಿಲ್ಲ. ತುಂಬ ಥ್ಯಾಂಕ್ಸ್. ಫಿರಂಗಿ ಡಬ್ಬಿಗೆ ವಾಪಸ್ ಹಾಕಿದೆ. ಇವತ್ತು ಮುಂದಿನ ಮಾಸ್ಟ್ ಶುರು.