ಬೆಕ್ಕಿನ ಮೂಗಿನ ಮೇಲೆ ಕಲೆ: ಪಶುವೈದ್ಯರನ್ನು ಕೇಳಿ

ಕೆಂಚನ ಅಮ್ಮ: ನಮಸ್ತೆ ಮೇಡಂ. ನಮ್ಮ ಕೆಂಚನಿಗೆ ಎರಡು ವರ್ಷ, ಕಿತ್ತಳೆ ಬಣ್ಣ. ಮೂಗಿನ ಮೇಲೆ ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕೆ ಬಂದಿದೆ. ತುಟಿ ಮೇಲೂ ಒಂದೆರಡಿವೆ. ಕ್ಯಾನ್ಸರಾ?

ಪಶುವೈದ್ಯೆ: ನೀವು ಹೇಳುವುದು ನೋಡಿದರೆ ಅಲ್ಲ. ಇದಕ್ಕೆ ಲೆಂಟಿಗೋ ಎನ್ನುತ್ತಾರೆ. ಕಿತ್ತಳೆ, ಕ್ರೀಮ್, ಮೂರು ಬಣ್ಣದ ಬೆಕ್ಕುಗಳಲ್ಲಿ ಜಾಸ್ತಿ. ವಯಸ್ಸಾದಂತೆ ವಸಡು, ಕಣ್ಣಿನ ರೆಪ್ಪೆ ಮೇಲೂ ಬರಬಹುದು. ಬೆರಳಾಡಿಸಿ ನೋಡಿ. ಚಪ್ಪಟೆಯಾಗಿದ್ದು, ನೋವು ತುರಿಕೆ ಇಲ್ಲದಿದ್ದರೆ ಬಿಟ್ಟುಬಿಡಿ. ಉಬ್ಬಿದರೆ ಅಥವಾ ಹುಣ್ಣಾದರೆ ತೋರಿಸಿ.

ಮುತ್ತು ಮನೆಯವರು: ನಮ್ಮದೂ ಕಿತ್ತಳೆ ಬೆಕ್ಕು, ಮೂಗಲ್ಲಿ ಕಪ್ಪು ಚುಕ್ಕೆ. ಏನು ಮಾಡೋದು?

ಪಶುವೈದ್ಯೆ: ಮೇಲೆ ಬರೆದಿದ್ದೇನೆ.

ಚಿನ್ನಿ ಅಕ್ಕ: ಮೂಗು ಒಣಗಿದರೆ ಜ್ವರ ಅಂತಾನಾ?

ಬಿಳಿಯನ ಅಪ್ಪ, ಬಳ್ಳಾರಿ: ನಮ್ಮ ಬೆಕ್ಕು ಪೂರ್ತಿ ಬಿಳಿ, ಏಳು ವರ್ಷ. ಮೂಗಿನ ಅಂಚಲ್ಲಿ ಸಣ್ಣ ಹಕ್ಕಳೆ. ಉದುರುತ್ತದೆ, ಒಂದು ಹನಿ ರಕ್ತ ಬರುತ್ತದೆ, ಮತ್ತೆ ಕಟ್ಟುತ್ತದೆ. ದೀಪಾವಳಿಯಿಂದ ಹೀಗೇ. ಊಟ ಚೆನ್ನಾಗಿ ಮಾಡುತ್ತಾನೆ ಅಂತ ಸುಮ್ನಿದ್ದೆ.

ಪಶುವೈದ್ಯೆ: ಸರ್, ಇವತ್ತು ಬಂದ ಪ್ರಶ್ನೆಗಳಲ್ಲಿ ನನಗೆ ಭಯವಾಗಿದ್ದು ಇದೊಂದಕ್ಕೇ. ಬರೀ ಪರಚಿದ ಗಾಯವಾಗಿದ್ದರೆ ಎರಡು ವಾರದಲ್ಲಿ ಮಾಯಬೇಕಿತ್ತು. ಬಿಳಿ ಬೆಕ್ಕಿನ ಮೂಗು, ಕಿವಿ ತುದಿ, ರೆಪ್ಪೆಯ ಚರ್ಮಕ್ಕೆ ಬಿಸಿಲು ತಡೆಯುವ ಬಣ್ಣವೇ ಇಲ್ಲ. ವರ್ಷಗಟ್ಟಲೆ ಬಿಸಿಲು ಬಿದ್ದು ಸ್ಕ್ವಾಮಸ್ ಸೆಲ್ ಕಾರ್ಸಿನೋಮಾ ಎಂಬ ಚರ್ಮದ ಕ್ಯಾನ್ಸರ್ ಬರುತ್ತದೆ. ಅದು ಎಷ್ಟೋ ಸಲ ಗಂಟಾಗಿ ಬರುವುದಿಲ್ಲ. ಮೊದಲು ಕೆಂಪಾಗುತ್ತದೆ, ಹೊಟ್ಟು ಏಳುತ್ತದೆ, ಆಮೇಲೆ ಮಾಯದ ಹುಣ್ಣಾಗಿ ಮೂಗಿನ ಅಂಚನ್ನೇ ತಿನ್ನುತ್ತಾ ಹೋಗುತ್ತದೆ. ಅದೇ ಎಂದು ಫೋನಿನಲ್ಲಿ ಹೇಳಲಾರೆ. ಫಂಗಸ್ ಇರಬಹುದು, ಸೊಳ್ಳೆ ಕಡಿತದ ಅಲರ್ಜಿ ಇರಬಹುದು. ಚೂರು ತೆಗೆದು ಬಯಾಪ್ಸಿ ಮಾಡಿದರೇ ಗೊತ್ತಾಗುವುದು. ಸಣ್ಣದಿರುವಾಗ ಆಪರೇಷನ್ ಅಥವಾ ಕ್ರಯೋದಿಂದ (ಕೆಟ್ಟ ಭಾಗವನ್ನು ಹೆಪ್ಪುಗಟ್ಟಿಸಿ ಸಾಯಿಸುವ ಚಿಕಿತ್ಸೆ) ಚೆನ್ನಾಗಿ ವಾಸಿ ಮಾಡಬಹುದು. ಮುಂದಿನ ವಾರ ಅನ್ನಬೇಡಿ. ನಿಮ್ಮಲ್ಲಿ ಆಗದಿದ್ದರೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಬನ್ನಿ. ಮಧ್ಯಾಹ್ನ ಮಾಳಿಗೆಗೆ ಬಿಡಬೇಡಿ.

ಹಳೇ ಸದಸ್ಯ: ಅರಿಶಿನ, ಕರ್ಪೂರ, ಕೊಬ್ಬರಿ ಎಣ್ಣೆ ಕಲಸಿ ಹಚ್ಚಿ, ಮೂರೇ ದಿನದಲ್ಲಿ ಮಾಯ. ಎಲ್ಲರಿಗೂ ಕಳಿಸಿ.

ಪಶುವೈದ್ಯೆ: ಯಾರಿಗೂ ಕಳಿಸಬೇಡಿ. ಮೂಗಿಗೆ ಹಚ್ಚಿದ್ದೆಲ್ಲ ಬೆಕ್ಕಿನ ಹೊಟ್ಟೆಗೇ ಹೋಗುತ್ತದೆ. ಕರ್ಪೂರ ವಿಷ. ಟೀ ಟ್ರೀ ಎಣ್ಣೆ, ಡೆಟಾಲ್, ಜಿಂಕ್ ಇರುವ ಸನ್‌ಸ್ಕ್ರೀನ್ ಕೂಡ ಬೇಡ. ಪ್ಯಾರಾಸಿಟಮಾಲ್ ಒಂದೇ ಮಾತ್ರೆ ಬೆಕ್ಕಿನ ಜೀವ ತೆಗೆಯಬಹುದು.

ಹಳೇ ಸದಸ್ಯ: ನಮ್ಮಜ್ಜಿ ಹಚ್ಚುತ್ತಿದ್ದರು. ಈಗಿನವರಿಗೆ ಎಲ್ಲದಕ್ಕೂ ಆಸ್ಪತ್ರೆ. ಬೆಕ್ಕನ್ನು ಕೂಡಿಹಾಕೋದು ಪಾಪ.

ಚಿನ್ನಿ ಅಕ್ಕ: ರಸ್ತೆಗೆ ಬಿಟ್ಟು ಗಾಡಿಗೆ ಸಿಗಿಸೋದು ಪುಣ್ಯಾನಾ?

ಹಳೇ ಸದಸ್ಯ: ನಿಮ್ಮ ಹತ್ರ ಮಾತಾಡಿಲ್ಲ.

ಕೆಂಚನ ಅಮ್ಮ: ಇಬ್ಬರೂ ಬೇರೆ ಕಡೆ ಜಗಳ ಆಡಿ.

ಪುಟ್ಟಿ ಮನೆ: ಮರಿಯ ಮೂಗಿನ ಪಕ್ಕ ರೌಂಡಾಗಿ ಕೂದಲು ಉದುರಿದೆ. ಮಗಳ ಕೈಮೇಲೂ ಕೆಂಪು ಉಂಗುರದ ಗುರುತು. ಮೆಡಿಕಲ್ ಶಾಪಲ್ಲಿ ಮುಲಾಮು ಕೊಟ್ಟರು.

ಪಶುವೈದ್ಯೆ: ಹುಳುಕಡ್ಡಿ ಇರಬೇಕು. ಬೆಕ್ಕಿನಿಂದ ಮಕ್ಕಳಿಗೆ ಅಂಟುತ್ತದೆ. ಸ್ಟಿರಾಯ್ಡ್ ಇರುವ ಮುಲಾಮು ಹಚ್ಚಿದರೆ ಹರಡುತ್ತದೆ, ನಿಲ್ಲಿಸಿ. ಮಗಳನ್ನು ಚರ್ಮದ ಡಾಕ್ಟರಿಗೆ, ಮರಿಯನ್ನು ಪಶುವೈದ್ಯರಿಗೆ ತೋರಿಸಿ. ಮನೆಯ ಬೇರೆ ಬೆಕ್ಕುಗಳಿಂದ ದೂರ ಇಡಿ.

ರಾಜನ ಮನೆ: ಮೇಡಂ, ಮೂಗಿನ ಮೇಲೆ ಕಪ್ಪು ಚುಕ್ಕೆ...

ಪಶುವೈದ್ಯೆ: ಚಪ್ಪಟೆಯಾ? ಮೊದಲನೇ ಉತ್ತರ ಓದಿ. ಓದದೆ ಕೇಳಬೇಡಿ ದಯವಿಟ್ಟು.

ಬಿಳಿಯನ ಅಪ್ಪ, ಬಳ್ಳಾರಿ: ನಾಳೆ ಬೆಳಿಗ್ಗೆಯೇ ಹೊರಡುತ್ತೇವೆ. ಹಕ್ಕಳೆ ತೆಗೆದು ಕ್ಲೀನ್ ಮಾಡಲಾ?

ಪಶುವೈದ್ಯೆ: ಕೀಳಬೇಡಿ, ಏನೂ ಹಚ್ಚಬೇಡಿ. ದೀಪಾವಳಿ ಹೊತ್ತಿನ ಫೋಟೋ ಇದ್ದರೆ ತನ್ನಿ, ಎಷ್ಟು ದೊಡ್ಡದಾಗಿದೆ ಅಂತ ಹೋಲಿಸಬೇಕು.